ಲಕ್ಷ್ಮಕ್ಕನ ಹಸು ತಿಂದ ಹೂವು

ಕೋವಿಡ್ ಕಳೆದು ಊರು ಮತ್ತೆ ಮೊದಲಿನಂತೆ ಓಡತೊಡಗಿದ್ದ ವರ್ಷ ಅದು. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ತುಮಕೂರು ರಸ್ತೆಯಲ್ಲಿ ಮಾಕಳಿಯಿಂದ ಒಳಕ್ಕಿರುವ ಒಂದು ಪಶು ಚಿಕಿತ್ಸಾಲಯಕ್ಕೆ ನನಗೆ ವರ್ಗವಾಗಿತ್ತು. ಹೆಸರಿಗೆ ಪಶು ಚಿಕಿತ್ಸಾಲಯ. ಬರುತ್ತಿದ್ದುದೆಲ್ಲ ನಾಯಿ, ಬೆಕ್ಕು. ಕೊಟ್ಟಿಗೆಗಳಿದ್ದ ಜಾಗದಲ್ಲಿ ಫ್ಯಾಕ್ಟರಿ ಶೆಡ್ಡುಗಳೂ ಬಾಡಿಗೆ ವಠಾರಗಳೂ ಎದ್ದಿದ್ದವು. ಹೆಂಡತಿ ರಾಣೆಬೆನ್ನೂರಿನಲ್ಲಿ ಶಾಲಾ ಶಿಕ್ಷಕಿ. ನಾನು ಕ್ವಾರ್ಟರ್ಸಿನಲ್ಲಿ ಒಬ್ಬನೇ. ಜೀವಮಾನವೆಲ್ಲ ದನದ ಡಾಕ್ಟರಾಗಿದ್ದವನಿಗೆ ಸಂಜೆ ಅಂಗಿಯಲ್ಲಿ ಸಗಣಿಯ ವಾಸನೆ ಇಲ್ಲದಿದ್ದರೆ ಎಂಥ ಬೇಸರವೆಂದು ಹೇಳಿದರೆ ನೀವು ನಗಬಹುದು. ನನಗೇನೂ ನಗು ಬರುತ್ತಿರಲಿಲ್ಲ.

ಆ ಬೇಸರ ಕಳೆಯುತ್ತಿದ್ದುದು ಲಕ್ಷ್ಮಕ್ಕನ ಮನೆಯಲ್ಲಿ. ಐವತ್ತು ದಾಟಿದ್ದ ಅವರು ಮದುವೆಯಾಗಿರಲಿಲ್ಲ. ಅಣ್ಣಂದಿರು ಜಮೀನನ್ನು ಶೆಡ್ಡುಗಳಿಗೆ ಬಾಡಿಗೆ ಕೊಟ್ಟು ಮೇನ್ ರೋಡಿನಲ್ಲಿ ಮನೆ ಕಟ್ಟಿಕೊಂಡು ಹೋದಾಗ, ಅಲ್ಲಿ ಹಸು ಕಟ್ಟಲು ಜಾಗವಿಲ್ಲವೆಂದು ಈಕೆ ಹೆಂಚಿನ ಮನೆಯಲ್ಲೇ ಉಳಿದರು. ಮನೆಯ ಮೂರು ಕಡೆ ಕಾಂಪೌಂಡು ಗೋಡೆ, ನಡುವೆ ಒಂದಿಷ್ಟು ಬಯಲು. ಸುತ್ತಲಿನ ಜೀವಜಂತುಗಳಿಗೆ ಉಳಿದದ್ದು ಅದೊಂದೇ ಜಾಗವಾದ್ದರಿಂದ ಎಲ್ಲವೂ ಅಲ್ಲೇ ಬಂದು ಸೇರಿದ್ದವು. ಹಿತ್ತಿಲಲ್ಲಿ ಮುಂಗುಸಿ ಓಡಾಡುತ್ತಿತ್ತು, ಹಾಳುಬಾವಿಯ ಕಲ್ಲಿನ ಮೇಲೆ ಉಡ ಬಿಸಿಲು ಕಾಯುತ್ತಿತ್ತು, ಬೇಲಿಯೊಳಗಿಂದ ಕೆಂಬೂತ ಕೂಗುತ್ತಿತ್ತು. ಮೇಯುವ ಹಸುವಿನ ಹಿಂದೆ ಬೆಳ್ಳಕ್ಕಿಗಳು, ಬೆನ್ನ ಮೇಲೆ ಗೊರವಂಕ. ನಾಲ್ಕು ಮಳೆ ಬಿದ್ದರೆ ತುಂಬೆ, ತಂಗಡಿ, ವಿಷ್ಣುಕ್ರಾಂತಿ ಹೂಬಿಡುತ್ತಿದ್ದವು. ಲಸಿಕೆಯ ನೆಪ ಮಾಡಿಕೊಂಡು ಆಗಾಗ ಹೋಗಿ ಕೂರುತ್ತಿದ್ದೆ.

ದಿನಾ ಬೆಳಿಗ್ಗೆ ಅಲ್ಲಿಗೆ ಬರುವವರು ಇನ್ನೊಬ್ಬರಿದ್ದರು. ದಾವಣಗೆರೆ ಕಡೆಯ ಮಹಾರುದ್ರಪ್ಪ, ನಿವೃತ್ತ ಬ್ಯಾಂಕ್ ಮ್ಯಾನೇಜರು. ಹೆಂಡತಿ ತೀರಿಕೊಂಡ ಮೇಲೆ ಎದುರಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಹಸುವಿಗೆ ಬಾಳೆಹಣ್ಣು, ಬೆಲ್ಲ ತಿನ್ನಿಸಿ, ಜಗಲಿಯ ಮೇಲೆ ಕೂತು, ಲಕ್ಷ್ಮಕ್ಕ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. ಅವರ ಬಾಯಲ್ಲಿ ನಮ್ಮ ಕಡೆಯ ಮಾತು ಕೇಳಿದರೆ ನನಗೆ ಊರಿಗೆ ಹೋಗಿ ಬಂದಂತಾಗುತ್ತಿತ್ತು.

ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ ಲಕ್ಷ್ಮಕ್ಕ ಫೋನ್ ಮಾಡಿದರು. "ಅಸ ಮೇಯ್ತಾ ಇಲ್ಲ ಸಾರ್. ಜೊಲ್ಲು ಸುರಿಸ್ಕೊಂಡು ಇಂಗೆ ನಿಂತ್ಬಿಟ್ಟದೆ."

ಹೋಗಿ ನೋಡಿದರೆ ಹಸು ತಲೆ ತಗ್ಗಿಸಿ ನಿಂತಿತ್ತು. ಭೇದಿಯಾಗುತ್ತಿತ್ತು, ಕಿವಿ ತಣ್ಣಗಿದ್ದವು. ಸ್ಟೆತಸ್ಕೋಪ್ ಇಟ್ಟರೆ ಎದೆ ಓಡುತ್ತದೆ, ತಡೆಯುತ್ತದೆ, ಮತ್ತೆ ಓಡುತ್ತದೆ. ಹೃದಯ ಹೀಗೆ ತಾಳ ತಪ್ಪುವುದಕ್ಕೆ ಅರಿತ್ಮಿಯಾ ಎನ್ನುತ್ತೇವೆ. ಭೇದಿಯ ಜೊತೆಗೆ ಇದೂ ಸೇರಿದರೆ ಮೊದಲು ಬರುವ ಅನುಮಾನ ವಿಷದ ಗಿಡದ್ದು. ಹೊಟ್ಟೆಯಲ್ಲಿನ ವಿಷ ಹೀರಿಕೊಳ್ಳಲಿ ಎಂದು ಆ್ಯಕ್ಟಿವೇಟೆಡ್ ಚಾರ್ಕೋಲ್ ಎಂಬ ಇದ್ದಿಲಪುಡಿಯನ್ನು ನೀರಲ್ಲಿ ಕಲಸಿ ಕೊಳವೆಯಲ್ಲಿ ಇಳಿಸಿದೆ; ಹೃದಯದ ತಾಳ ಸರಿಹೋಗಲೆಂದು ಇಂಜೆಕ್ಷನ್ ಕೊಟ್ಟೆ. ಹಸುವನ್ನು ಅಲುಗಾಡಿಸಬೇಡಿ, ಸ್ವಲ್ಪ ಓಡಿದರೂ ಎದೆ ನಿಂತುಹೋಗಬಹುದು ಎಂದು ಹೇಳಿದೆ. ಲಕ್ಷ್ಮಕ್ಕ ಹಸುವಿನ ಕೊರಳಿಗೆ ಕೈ ಹಾಕಿಕೊಂಡು ನಿಂತರು. "ಇದ್ ಬಿಟ್ರೆ ಈ ಮನೇಲಿ ನಂಗೆ ಇನ್ಯಾರವ್ರೆ ಸಾರ್," ಎಂದರು. ಭರವಸೆ ಕೊಡುವಂತಿರಲಿಲ್ಲ; ಇನ್ನೊಮ್ಮೆ ಸ್ಟೆತಸ್ಕೋಪ್ ಇಟ್ಟು ನೋಡಿದೆ.

ತಿಂದದ್ದು ಯಾವುದೆಂದು ತಿಳಿಯದಿದ್ದರೆ ನಾಳೆ ಮತ್ತೆ ತಿಂದೀತು. ಬಯಲನ್ನೆಲ್ಲ ಸುತ್ತಿದೆ. ಎಕ್ಕ ಇತ್ತು, ಉಮ್ಮತ್ತಿ ಇತ್ತು. ಯಾವುದಕ್ಕೂ ಹಸು ಬಾಯಿ ಹಾಕಿದ ಗುರುತಿರಲಿಲ್ಲ. ನನ್ನ ಅನುಮಾನವಿದ್ದದ್ದು ಕಣಗಿಲೆಯ ಮೇಲೆ, ಅದರ ಒಂದು ಗಿಡವೂ ಅಲ್ಲಿರಲಿಲ್ಲ. ವಾಪಸು ಬಂದು ಗೋದಲಿಗೆ ಕೈ ಹಾಕಿದೆ. ತಳದಲ್ಲಿ ಅಗಿದುಬಿಟ್ಟ ಗುಲಾಬಿ ಬಣ್ಣದ ಎಸಳು, ಕಣಗಿಲೆಯ ಉದ್ದನೆಯ ಎಲೆ, ಜೊತೆಗೆ ವಿಭೂತಿ ಮೆತ್ತಿದ ಒಂದು ಬಿಲ್ವಪತ್ರೆ ಸಿಕ್ಕಿತು.

ಲ್ಯಾಬಿಗೆ ಕಳಿಸುವ ಅಗತ್ಯವಿರಲಿಲ್ಲ. ನಮ್ಮ ಮನೆಯಲ್ಲೂ ಲಿಂಗಪೂಜೆಯ ನಿರ್ಮಾಲ್ಯ ಯಾರ ಕಾಲಿಗೂ ಸಿಗಬಾರದೆಂದು ಅಜ್ಜಿ ಅದನ್ನು ಆಕಳ ಮುಂದೆ ಇಡುತ್ತಿದ್ದಳು. ಅದರಲ್ಲಿರುತ್ತಿದ್ದುದು ಪತ್ರೆ ಮತ್ತು ಮಲ್ಲಿಗೆ. ಶಿವನಿಗೆ ಪ್ರಿಯವಾದ ಎಕ್ಕ, ಉಮ್ಮತ್ತಿ, ಕಣಗಿಲೆ ಮೂರೂ ನಮ್ಮ ಪಠ್ಯದಲ್ಲಿ ವಿಷದ ಗಿಡಗಳು. ಕಹಿಯಾದ ಕಣಗಿಲೆಯನ್ನು ಹಸು ತಾನಾಗಿ ಮುಟ್ಟುವುದಿಲ್ಲ. ಬಾಳೆಹಣ್ಣು, ಬೆಲ್ಲದ ಜೊತೆ ಕಲಸಿ ಕೊಟ್ಟರೆ ತಿನ್ನುತ್ತದೆ. ಹಿಂದಿನ ದಿನ ಶ್ರಾವಣ ಸೋಮವಾರ. ಮಹಾರುದ್ರಪ್ಪನವರ ಪೂಜೆಗೆ ಎಲೆಕುಡಿಯ ಸಮೇತ ಬಂದ ಕಣಗಿಲೆ, ಪೂಜೆ ಮುಗಿದ ಮೇಲೆ ಬಾಳೆಹಣ್ಣಿನ ಜೊತೆ ಗೋದಲಿ ಸೇರಿರಬೇಕು.

ಸಂಜೆ, ಸುದ್ದಿ ಕೇಳಿ ಹಸುವನ್ನು ನೋಡಲು ಬಂದ ಅವರನ್ನು ಲಕ್ಷ್ಮಕ್ಕನ ಗೇಟಿನ ಹತ್ತಿರವೇ ನಿಲ್ಲಿಸಿ, ಆದಷ್ಟು ಮೆತ್ತಗೆ ಹೇಳಿದೆ. ಅವರು ತಮ್ಮ ಕೈಯನ್ನೇ ನೋಡಿಕೊಂಡರು.

"ಶಿವಗ ಏರಿಸಿದ್ದನ್ನ ಕೊಟ್ಟೀನ್ರಿ. ಅದು ವಿಷ ಹೆಂಗ ಆಗ್ತೈತ್ರಿ?"

ಕಣಗಿಲೆಯಲ್ಲಿರುವ ಗ್ಲೈಕೋಸೈಡ್ ಎಂಬ ವಿಷ ಎದೆಯ ತಾಳ ತಪ್ಪಿಸುತ್ತದೆಂಬ ಉತ್ತರ ನನ್ನಲ್ಲೇ ಉಳಿಯಿತು. ಅವರು ಒಳಗೆ ಬಾರದೆ ರಸ್ತೆ ದಾಟಿ ಹೋದರು.

ನಾಲ್ಕನೆಯ ದಿನ ಹಸು ಮೆಲುಕು ಹಾಕಿತು. ಅದನ್ನು ಕಂಡು ನನಗೇ ಕಣ್ಣು ತುಂಬಿತು. ವಾರದೊಳಗೆ ಬಯಲಿಗಿಳಿಯಿತು, ಬೆಳ್ಳಕ್ಕಿಗಳೂ ಹಿಂದೆ ಬಂದವು. ಮಹಾರುದ್ರಪ್ಪ ಮಾತ್ರ ಬರಲಿಲ್ಲ. ಹಸು ತಿಂದದ್ದು ಏನೆಂದು ಲಕ್ಷ್ಮಕ್ಕ ಕೇಳಿದಾಗಲೆಲ್ಲ ನಾನು ಯಾವುದೋ ಗಿಡ ಎಂದು ತೇಲಿಸುತ್ತಿದ್ದೆ. ಹೆಸರು ಹೇಳಿದರೆ ಆ ಮನುಷ್ಯನಿಗೆ ಈ ಬಾಗಿಲೂ ಮುಚ್ಚುತ್ತದೆಂಬ ಭಯ ನನಗೆ. ಒಂದು ದಿನ ಲಕ್ಷ್ಮಕ್ಕನೇ ಮಾತು ತೆಗೆದರು.

"ಅವ್ರೇ ಕೊಟ್ಟಿದ್ದು ಅಂತ ನಂಗೊತ್ತು ಸಾರ್. ಗೋದ್ಲಿ ತೊಳಿಯೋಳು ನಾನಲ್ವ? ಬರ್ಲಿ, ಚೆನ್ನಾಗಿ ಬಯ್ಯಾನ ಅಂತ ಎಲ್ಡ್ ದಿನ ಕಾದೆ. ಈಗ ಸುಮ್ಕೆ ಬಂದ್ರೆ ಸಾಕು ಅನ್ನಿಸ್ತದೆ."

ಎದ್ದು ಹೋಗಿ ಬೇಲಿಯ ಪಕ್ಕದ, ಶಿವನಿಗೂ ಏರಿಸುವ ತುಂಬೆ ಹೂಗಳನ್ನು ಬಿಡಿಸಿ, ಬಾಳೆಲೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು.

ಏಳನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಮಹಾರುದ್ರಪ್ಪ ಸೊರಗಿಹೋಗಿದ್ದರು. ದೇವರ ಕೋಣೆಯಲ್ಲಿ ವಿಭೂತಿ ಬಿಟ್ಟರೆ ಏನೂ ಇರಲಿಲ್ಲ. ಹೂವು ಮುಟ್ಟಲು ಕೈಯೇ ಬರುತ್ತಿಲ್ಲವೆಂದರು. ಅವರ ಅಡುಗೆಮನೆಯ ಕಿಟಕಿಯಿಂದ ಲಕ್ಷ್ಮಕ್ಕನ ಬಯಲು ಪೂರ್ತಿ ಕಾಣುತ್ತಿತ್ತು. ಕಿಟಕಿಯ ಬಳಿ ಒಂದು ಕುರ್ಚಿ ಹಾಕಿಕೊಂಡಿದ್ದರು.

"ತುಂಬಿ ಹೂವ್ರಿ. ಲಕ್ಷ್ಮಕ್ಕ ಕಳಿಸ್ಯಾರ," ಎಂದೆ. "ದನ ತಿಂದ್ರೂ ಏನೂ ಆಗಂಗಿಲ್ಲ."

ಅವರು ಪೊಟ್ಟಣವನ್ನು ಬಿಚ್ಚಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬಳಿಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವರು ಗೇಟಿನ ಹೊರಗೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಹಸು ಒಳಗಿನಿಂದ ಕತ್ತು ಚಾಚಿ ಅವರ ಅಂಗಿ ಮೂಸುತ್ತಿತ್ತು. "ಒಳಿಕ್ ಬನ್ನಿ ಯಜಮಾನ್ರೇ," ಎಂದು ಲಕ್ಷ್ಮಕ್ಕ ಗೇಟು ತೆಗೆದರು.

ಪ್ರಾಣಿ ಕಾಯಿಲೆ ಬಿದ್ದರೆ ಏನು ತಿಂದಿತು ಎಂದು ಕೇಳಬೇಕೆಂದು ಕಾಲೇಜಿನಲ್ಲಿ ಕಲಿಸುತ್ತಾರೆ. ತಿನ್ನಿಸಿದವರು ಯಾರು, ಅವರಿಗೆ ಮನೆಯಲ್ಲಿ ಇನ್ಯಾರಿದ್ದಾರೆ ಎಂದು ಕೇಳುವುದನ್ನು ನಾನು ಕಲಿತದ್ದು ಈ ಕೇಸಿನಿಂದ. ಉಳಿದ ಎರಡು ವರ್ಷವೂ ಕೇಳಿದೆ.

ಅವತ್ತು ಹಸುವನ್ನು ಪರೀಕ್ಷೆ ಮಾಡುವ ನೆಪದಲ್ಲಿ ನಾನು ಸ್ಟೆತಸ್ಕೋಪ್ ತೆಗೆಯುವಷ್ಟರಲ್ಲಿ ಲಕ್ಷ್ಮಕ್ಕ ಕಾಫಿ ತಂದರು. ಹಸುವಿಗೆ ವಾಸಿಯಾಗಿ ಎಷ್ಟೋ ದಿನವಾಗಿತ್ತು. ನಾನು ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ತಟ್ಟೆಯಲ್ಲಿ ಮೂರು ಲೋಟಗಳಿದ್ದವು.