ಎಚ್ಚೆಮ್ ಮೇಡಂ ನೂಬ್ ಆದದ್ದು

ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ಹಳೆಯ ಹೆಡ್‌ಫೋನೊಂದು ಸಿಕ್ಕಿತು. ಕಿವಿಗೆ ಒತ್ತುವ ಮೆತ್ತೆಗಳು ಸುಲಿದು, ಮುಟ್ಟಿದರೆ ಕಪ್ಪು ಹೊಟ್ಟು ಉದುರುತ್ತಿತ್ತು. ಮೂಗಿನ ಹತ್ತಿರ ತಂದರೆ ನೋವಿನ ಮುಲಾಮಿನ ವಾಸನೆ. ‘ಎಸೀರಿ ಅದನ್ನ, ಇನ್ನ ಎದಕ ಇಟ್ಕೊಂಡೀರಿ’ ಅಂದಳು ಹೆಂಡತಿ. ಎಸೆದೆ. ಆದರೆ ವಾಸನೆ ಕಸದ ಬುಟ್ಟಿಗೆ ಹೋಗುವ ಜಾತಿಯದಲ್ಲ ನೋಡಿ. ಅಂದು ಸಂಜೆಯವರೆಗೂ ನನಗೆ ಶಾಂತತ್ತೆ ನಮ್ಮ ಮನೆಯಲ್ಲಿದ್ದ ದಿನಗಳದೇ ನೆನಪು.

ಶಾಂತತ್ತೆ ನನ್ನ ಅಪ್ಪನ ಅಕ್ಕ. ಹತ್ತಿ ಬಿಡಿಸಲು, ನೆಲ್ಲು ನಾಟಲು ಕೂಲಿಗೆ ಹೋಗುತ್ತಿದ್ದ ಮನೆಯಲ್ಲಿ ಹುಟ್ಟಿ, ಆ ಮನೆಯಿಂದ ಮೊದಲ ಸಲ ಶಾಲೆಯ ಕುರ್ಚಿಯವರೆಗೆ ಹೋದವರು. ಮಾನ್ವಿ ಸುತ್ತಮುತ್ತಲಿನ ಶಾಲೆಗಳಲ್ಲಿ ಪಾಠ ಹೇಳಿ, ಕೊನೆಗೆ ಹೆಡ್‌ಮಿಸ್ಟ್ರೆಸ್ ಆಗಿ, ಅಂದರೆ ಊರವರ ಬಾಯಲ್ಲಿ ‘ಎಚ್ಚೆಮ್’ ಆಗಿ, ನಿವೃತ್ತರಾದರು. ಮದುವೆಯಾಗಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರ ಕೆಲವರು ಅವರನ್ನು ‘ಏ ಶಾಂತಿ’ ಎಂದೇ ಕರೆಯುತ್ತಿದ್ದರಂತೆ. ಅತ್ತೆ ತಿರುಗಿ ನೋಡುತ್ತಿರಲಿಲ್ಲ. ಎರಡನೆಯ ಸಲ ಕರೆದರೂ ನೋಡುತ್ತಿರಲಿಲ್ಲ. ‘ಮೇಡಂ’ ಅಂದಾಗ ಮಾತ್ರ ನಿಂತು, ನಗುತ್ತಲೇ ‘ಏನ್ರಿ?’ ಅನ್ನುತ್ತಿದ್ದರು. ಹೀಗೆ ಜಗಳವಿಲ್ಲದೆ, ಬರೀ ತಿರುಗಿ ನೋಡದೆಯೇ ಒಂದು ಊರಿಗೆ ಮರ್ಯಾದೆ ಕಲಿಸಿದ ಹೆಂಗಸು ಅವರು.

ಅಂಥವರ ಎರಡೂ ಮೊಣಕಾಲು ಸವೆದು, ರಾಯಚೂರಿನಲ್ಲಿ ಆಪರೇಷನ್ ಆಗಿ, ನಮ್ಮ ಮನೆಯ ಮುಂದಿನ ಕೋಣೆಗೆ ಬಂದರು. ಆಪರೇಷನ್ನಿಗಿಂತ ಅದರ ನಂತರದ್ದೇ ಕಷ್ಟ. ದಿನಾ ಕಾಲು ಮಡಚಬೇಕು, ಚಾಚಬೇಕು. ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ಅತ್ತೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಅವರು ಕೂಗುವವರಲ್ಲ. ತುಟಿ ಕಚ್ಚಿಕೊಂಡು ಮಗ್ಗಿ ಹೇಳುತ್ತಿದ್ದರು. ಹದಿನೇಳರ ಮಗ್ಗಿ ಅರ್ಧಕ್ಕೆ ನಿಂತರೆ ನೋವು ಮಿತಿ ಮೀರಿದೆ ಎಂದು ನಾವು ತಿಳಿದುಕೊಳ್ಳಬೇಕು.

ಇನ್ನು ನನ್ನ ವಿಷಯ. ಆಗ ನನಗೆ ನಲವತ್ತು ಹತ್ತಿರ. ಬೀಜ, ಗೊಬ್ಬರದ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದರೆ ಚಹಾ ಕುಡಿದು, ಮೊಬೈಲಿನಲ್ಲಿ ಬಂದೂಕು ಹಿಡಿದು ಯುದ್ಧಕ್ಕೆ ಹೋಗುತ್ತಿದ್ದೆ. ನಗಬೇಡಿ. ಹೊಟ್ಟೆ ಬಂದ ಗಂಡಸಿಗೆ ವಿಮಾನದಿಂದ ಹಾರಲು ಬೇರೆ ದಾರಿ ಯಾವುದಿದೆ? ಆಟ ನಿಮಗೆ ಗೊತ್ತಿರಬಹುದು. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ನಾಲ್ಕು ನಾಲ್ಕು ಜನರ ತಂಡವಾಗಿ. ಕೊನೆಯವರೆಗೆ ಉಳಿದ ತಂಡ ಗೆದ್ದಂತೆ. ಝೋನ್ ಎಂಬ ಒಂದು ಗೆರೆ ಸುತ್ತಲಿಂದ ಕುಗ್ಗುತ್ತಾ ಬರುತ್ತದೆ. ಅದರ ಹೊರಗೆ ಉಳಿದವನ ಜೀವ ಸೋರಿ ಹೋಗುತ್ತದೆ. ಗುಂಡು ತಗುಲಿದವನು ಕೂಡಲೇ ಸಾಯುವುದಿಲ್ಲ, ಮೊಣಕಾಲೂರಿ ತೆವಳುತ್ತಾನೆ. ಅದಕ್ಕೆ ನಾಕ್ ಆಗುವುದು ಎನ್ನುತ್ತಾರೆ. ತಂಡದವರು ಯಾರಾದರೂ ಬಂದು ಪಕ್ಕದಲ್ಲಿ ಕೂತು ಎತ್ತಿದರೆ ಮತ್ತೆ ಎದ್ದು ನಿಲ್ಲುತ್ತಾನೆ. ಅದು ರಿವೈವ್.

ನಾನು ದಿನಾ ನಾಕ್ ಆಗುತ್ತಿದ್ದೆ. ಒಂದು ಸಂಜೆ ‘ಸತ್ತೆ, ಸತ್ತೆ, ಬರ್ರೋ!’ ಎಂದು ನಾನು ಚೀರಿದ್ದಕ್ಕೆ ಒಳಗಿನಿಂದ ಅತ್ತೆ ವಾಕರ್ ಎಳೆದುಕೊಂಡು ಬಂದೇ ಬಿಟ್ಟರು.

‘ಯಾರು ಸತ್ರೋ?’

ತೋರಿಸಿದೆ. ಪರದೆಯ ಮೇಲೆ ನಾನು ಹುಲ್ಲಿನಲ್ಲಿ ತೆವಳುತ್ತಿದ್ದೆ. ಅತ್ತೆ ಬಹಳ ಹೊತ್ತು ಬಗ್ಗಿ ನೋಡಿ, ‘ಪಾಪ, ಇಂವಗೂ ಮಣಕಾಲ ಬ್ಯಾನಿ ಏನು?’ ಅಂದರು.

ಅಲ್ಲಿಂದ ಶುರುವಾಯಿತು. ಮರುದಿನ ಮೊಣಕಾಲಿಗೆ ಮುಲಾಮು ಹಚ್ಚಿದ ಕೈಯಲ್ಲೇ ನನ್ನ ಹೆಡ್‌ಫೋನು ಕೇಳಿ, ತಮ್ಮ ಮೊಬೈಲಿಗೂ ಆಟ ಹಾಕಿಸಿಕೊಂಡರು. ಆಟದಲ್ಲಿ ಮನಸ್ಸಿದ್ದಾಗ ಕಾಲು ಮಡಚಿದರೆ ನೋವು ಅರ್ಧ ಗೊತ್ತಾಗುವುದಿಲ್ಲ ಎಂಬುದನ್ನು ಅತ್ತೆ ಎರಡೇ ದಿನದಲ್ಲಿ ಕಂಡುಕೊಂಡರು. ಮಗ್ಗಿ ನಿಂತಿತು. ಫಿಸಿಯೋ ಹುಡುಗಿ ಖುಷಿಯಾಗಿ ‘ಆಡ್ರಿ ಮೇಡಂ, ಆಡ್ರಿ’ ಎಂದಳು. ಆಟದಲ್ಲಿ ಹೆಸರೊಂದು ಬೇಕಲ್ಲ? ‘ಎಚ್ಚೆಮ್ ಮಾನ್ವಿ’ ಅಂತ ಹಾಕಿಸಿಕೊಂಡರು. ನನ್ನ ತಂಡದ ಖಾಯಂ ಜೊತೆಗಾರ ಮೆಹಬೂಬ್. ದೇವದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅವನ ಮುಖ ನಾನು ಅಂದಿಗೂ ನೋಡಿರಲಿಲ್ಲ, ಧ್ವನಿ ಮಾತ್ರ ಗೊತ್ತು. ನಾಲ್ಕನೆಯವರು ಯಾರಾದರೂ ಅಪರಿಚಿತರು. ಅವರಿಗೆ ನಮ್ಮ ಲೋಕದಲ್ಲಿ ರ್‍ಯಾಂಡಮ್ ಎಂದು ಹೆಸರು.

ಅತ್ತೆ ಆಡುತ್ತಿದ್ದರು ಅನ್ನುವುದಕ್ಕಿಂತ ಎತ್ತುತ್ತಿದ್ದರು ಅನ್ನಬೇಕು. ಗುಂಡು ಹಾರಿಸಲು ಅವರಿಗೆ ಬರಲಿಲ್ಲ, ಕಲಿಯುವ ಆಸೆಯೂ ಇದ್ದಂತಿರಲಿಲ್ಲ. ಹೆಡ್‌ಫೋನಿನಲ್ಲಿ ಯಾರಾದರೂ ‘ನಾಕ್ ಆದೆ’ ಅಂದರೆ ಸಾಕು, ಅತ್ತ ಹೊರಟರು. ಮನೆಯಲ್ಲಿ ಹತ್ತು ಹೆಜ್ಜೆಗೆ ವಾಕರ್ ಬೇಕಾಗಿದ್ದವರು ಅಲ್ಲಿ ಬಯಲಲ್ಲಿ, ಗುಂಡಿನ ಸುರಿಮಳೆಯಲ್ಲಿ ಓಡುತ್ತಿದ್ದರು.

‘ಮೇಡಂ, ಅವನ್ನ ಬಿಡ್ರಿ, ಝೋನ್ ಬರಾಕತ್ತದ!’ ಎಂದು ದೇವದುರ್ಗದಿಂದ ಮೆಹಬೂಬ್ ಅಂಗಲಾಚುತ್ತಿದ್ದ.

‘ಕರಿಯಾಕತ್ತಾನಲ್ಲಪಾ, ಹೆಂಗ ಬಿಡ್ಲಿ?’

‘ಅಂವ ರ್‍ಯಾಂಡಮ್ ರೀ! ಯಾರೋ ಏನೋ!’

‘ಯಾರೋ ಇದ್ರ ಏನಾತು? ನೀನೂ ನನಗ ಯಾರೋನ ಇದ್ದಿ.’

ಹೀಗಾಗಿ ನಮ್ಮ ತಂಡ ಸದಾ ಸೋಲುತ್ತಿತ್ತು. ಆದರೆ ಯಾರೂ ಒಂಟಿಯಾಗಿ ಸಾಯುತ್ತಿರಲಿಲ್ಲ.

ಒಂದು ದಿನ ನಾನು ಬೇಗ ಸತ್ತು ಸುಮ್ಮನೆ ನೋಡುತ್ತ ಕೂತಿದ್ದೆ. ಗೋದಾಮಿನ ಹಿಂದೆ ಯಾರೋ ನಾಕ್ ಆಗಿ, ಅಪ್ಪಟ ರಾಯಚೂರು ಮಾತಿನಲ್ಲಿ ‘ಯಾರರ ಬರ್ರೋ, ಎತ್ರೋ!’ ಎಂದು ಕೂಗುತ್ತಿದ್ದ. ಹತ್ತಿರ ಇದ್ದ ಎಲ್ಲರಿಗೂ ಕೇಳುವಂತೆ ಅವನ ಮೈಕು ತೆರೆದಿತ್ತು, ಅತ್ತೆಯದೂ ಹಾಗೇ ಇತ್ತು. ಅವನು ನಮ್ಮ ತಂಡದವನಲ್ಲ, ಎದುರಾಳಿ. ನಾನು ‘ಅತ್ತಿ, ಬ್ಯಾಡ!’ ಅನ್ನುವಷ್ಟರಲ್ಲಿ ಅತ್ತೆ ಅವನ ಪಕ್ಕ ಹೋಗಿ ಕೂತಿದ್ದರು. ‘ತಡಿಯಪಾ, ಬಂದೆ. ಎತ್ತತೀನಿ. ಹೆದರಬ್ಯಾಡ.’ ಎದುರಾಳಿಯನ್ನು ಎತ್ತಲು ಆಟದಲ್ಲಿ ಗುಂಡಿಯೇ ಇಲ್ಲ. ಅತ್ತೆ ಪರದೆಯನ್ನು ಎಲ್ಲೆಲ್ಲೋ ಒತ್ತುತ್ತ, ‘ಎಲ್ಲಿ ಒತ್ತಬೇಕೋ?’ ಎನ್ನುತ್ತಿರುವಾಗ ಅವನ ಜೊತೆಗಾರ ಬಂದು ಅತ್ತೆಯನ್ನು ಹೊಡೆದು ಹಾಕಿದ.

ನಾನು ನಕ್ಕೆ, ಮೆಹಬೂಬ್ ನಕ್ಕ, ಅತ್ತೆಯೂ ನಕ್ಕರು. ಅಷ್ಟಕ್ಕೇ ಮುಗಿಯಬೇಕಿತ್ತು.

ಆದರೆ ಬಿದ್ದಿದ್ದವನು ಆ ಹೊತ್ತಿನಲ್ಲಿ ಲೈವ್ ಇದ್ದ. ತನ್ನ ಆಟವನ್ನು ಸಾವಿರಾರು ಜನಕ್ಕೆ ಹರಟುತ್ತ ತೋರಿಸುವ ಸ್ಟ್ರೀಮರ್. ‘ಬಿಸಿಲ್ ಬಾಸ್’ ಅಂತ ಹೆಸರು. ಅವನು ಆ ತುಣುಕನ್ನು ಕತ್ತರಿಸಿ, ಹಿಂದೆ ನಗುವಿನ, ‘ನೂಬ್, ನೂಬ್’ ಎಂಬ ಕೂಗಿನ ಸದ್ದು ಸೇರಿಸಿ, ‘ನೂಬ್ ಅಜ್ಜಿ’ ಎಂದು ಹೆಸರಿಟ್ಟು ಬಿಟ್ಟಿದ್ದ. ಅದು ಊರೂರು ತಿರುಗಿತು. ಸಿರವಾರದಲ್ಲಿರುವ ನನ್ನ ದೊಡ್ಡಪ್ಪನ ಮಗ ಫೋನು ಮಾಡಿ, ‘ಆಕಿ ಕೈಯಾಗ ಮೊಬೈಲ್ ಕೊಟ್ಟಾವ ನೀನೇನು? ಮಂದಿ ನಗಾಕತ್ತಾರ’ ಎಂದು ರೇಗಿದ. ಅತ್ತೆಗೆ ಹೇಗೆ ಮುಚ್ಚಿಡಲಿ ಎಂದು ನಾನು ಯೋಚಿಸುವ ಮೊದಲೇ, ಅವರ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಅವರಿಗೇ ಕಳಿಸಿದ್ದ. ‘ಮೇಡಂ, ಇದು ನಿಮ್ಮ ಧ್ವನಿ ಇದ್ದಂಗ ಅದ’ ಎಂಬ ವಾಯ್ಸ್ ಮೆಸೇಜೂ ಜೊತೆಗಿತ್ತು.

ಅತ್ತೆ ಸದ್ದು ಜೋರು ಮಾಡಿ ಕೇಳಿದರು. ಮತ್ತೊಮ್ಮೆ ಕೇಳಿದರು.

‘ನೂಬ್ ಅಂದ್ರೇನೋ?’

‘ಹೊಸಬರು ಅಂತ, ಅತ್ತಿ.’

‘ಹೊಸಬರು ಅನ್ನಾಕ ಇಷ್ಟು ನಗ್ತಾರೇನು?’

ಅವರು ಹೆಡ್‌ಫೋನು ತೆಗೆದು ತಲೆದಿಂಬಿನ ಪಕ್ಕ ಇಟ್ಟರು. ಮರುದಿನ ಆಡಲಿಲ್ಲ, ಅದರ ಮರುದಿನವೂ ಇಲ್ಲ. ಮಗ್ಗಿ ಮತ್ತೆ ಶುರುವಾಯಿತು, ಆದರೆ ಈಗ ಹನ್ನೆರಡರಲ್ಲೇ ನಿಲ್ಲುತ್ತಿತ್ತು. ‘ಇವತ್ತು ಸಾಕವ್ವಾ’ ಎಂದು ಹುಡುಗಿಯನ್ನು ವಾಪಸ್ ಕಳಿಸತೊಡಗಿದರು. ವಾರ ಕಳೆಯುವಷ್ಟರಲ್ಲಿ ಎಡಗಾಲು ಬಿಗಿಯಿತು. ‘ಹಿಂಗ ಬಿಟ್ರ ಮೇಡಂ ಮುಂದ ಕೋಲು ಬಿಡಂಗಿಲ್ರಿ’ ಎಂದು ಹುಡುಗಿ ನನ್ನನ್ನು ಹೊರಗೆ ಕರೆದು ಹೇಳಿದಳು. ಒಳಗೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ‘ಏ ಶಾಂತಿ’ ಅನ್ನುವವರನ್ನು ತಿರುಗಿ ನೋಡದೆ ಗೆದ್ದವರು. ಮುಖವೇ ಇಲ್ಲದ ಸಾವಿರ ಜನ ನಕ್ಕರೆ ಯಾರನ್ನು ತಿರುಗಿ ನೋಡದೆ ಇರುವುದು?

ಒಂದು ಸಂಜೆ ತಾವಾಗಿಯೇ ಕರೆದರು.

‘ಅಂವ ದಿನಾ ಆಡತಾನಂತಲ್ಲ, ಹಚ್ಚು. ಏನ್ ಮಾತಾಡ್ತಾನ ಕೇಳೂಣು.’

ಹಚ್ಚಿದೆ. ಬಿಸಿಲ್ ಬಾಸ್ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಗಲ್ಲದ ಮೇಲೆ ನಾಲ್ಕು ಕೂದಲು, ಹಿಂದೆ ಬಣ್ಣ ಬದಲಿಸುವ ದೀಪ. ಪರದೆಯ ಬದಿಯಲ್ಲಿ ಜನರ ಮಾತು ಹೊಳೆಯಂತೆ ಹರಿಯುತ್ತಿತ್ತು. ಅದಕ್ಕೆ ಚಾಟ್ ಅನ್ನುತ್ತಾರೆ. ಅತ್ತೆ ಕಣ್ಣು ಮುಚ್ಚಿಕೊಂಡು, ಆಕಾಶವಾಣಿ ಕೇಳುವವರಂತೆ ಕೇಳುತ್ತಿದ್ದರು. ಸುಮಾರು ಹೊತ್ತಾದ ಮೇಲೆ, ‘ಬರಿ’ ಎಂದರು. ‘ನಾನು ಎಚ್ಚೆಮ್ ಮಾನ್ವಿ. ನನ್ನದೊಂದು ಪ್ರಶ್ನೆ ಇದೆ.’ ನಾನು ಬರೆದೆ. ಚಾಟ್ ಹುಚ್ಚೆದ್ದಿತು. ‘ಅಜ್ಜಿ ಬಂದ್ಳು! ಅಜ್ಜಿ ಬಂದ್ಳು!’ ಹುಡುಗ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ, ಅಷ್ಟೂ ಜನರೆದುರು ಅತ್ತೆಯ ಧ್ವನಿಯನ್ನು ತನ್ನ ಲೈವ್‌ಗೆ ಜೋಡಿಸಿಕೊಂಡ.

‘ನಮಸ್ಕಾರ್ರಿ ಅಮ್ಮಾ. ಸಿಟ್ಟಾಗಬ್ಯಾಡ್ರಿ. ಅದು ಸುಮ್ನ ಕಂಟೆಂಟ್ ರಿ.’

‘ಸಿಟ್ಟಿಲ್ಲಪಾ. ಒಂದು ತಿಳಿವಲ್ದು, ಕೇಳಾಕ ಬಂದೀನಿ. ಬಿದ್ದಾವ ನಮ್ಮಾವೋ ನಿಮ್ಮಾವೋ ಅಂತ ಹೆಂಗ ಗೊತ್ತು ಹಿಡೀತೀರಿ ನೀವು?’

ಹುಡುಗ ನಕ್ಕ. ‘ಅಷ್ಟೇನ್ರಿ? ನಮ್ಮವರ ತಲಿ ಮ್ಯಾಲ ಹೆಸರು ಬರ್ತದಲ್ರಿ. ಬಣ್ಣದಾಗ.’

‘ಹೆಸರು ಬರ್ತದ?’

‘ಕಾಣಂಗಿಲ್ಲೇನ್ರಿ?’

‘ಇಲ್ಲಪಾ. ನನಗ ಮಂದಿ ಕಾಣ್ತಾರ, ನೆಳ್ಳಿನಂಗ. ಅಕ್ಷರ ಕಾಣಂಗಿಲ್ಲ. ಎರಡು ವರ್ಷ ಆತು. ಅದಕ ಧ್ವನಿ ಬಂದ ಕಡಿ ಹೋಗತೀನಿ.’

ನಾನು ಅತ್ತೆಯ ಮುಖ ನೋಡಿದೆ. ಇಷ್ಟು ದಿನ ಒಂದೇ ಮನೆಯಲ್ಲಿದ್ದವರು. ಪೇಪರು ‘ನೀನೇ ಓದು’ ಅನ್ನುತ್ತಿದ್ದರು, ಮೊಬೈಲು ನನ್ನ ಕೈಗೇ ಕೊಟ್ಟು ಬರೆಸುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಆಗಿದ್ದವರ ಗತ್ತು ಇದು ಎಂದುಕೊಂಡಿದ್ದೆ. ಮೊಣಕಾಲಿನ ಜೊತೆ ಕಣ್ಣನ್ನೂ ಹೇಳಿದರೆ ನಾವು ಅವರನ್ನು ಮತ್ತೆ ಮಾನ್ವಿಗೆ ಒಬ್ಬರನ್ನೇ ಬಿಡುವುದಿಲ್ಲ ಎಂಬ ಅಂಜಿಕೆಯಿತ್ತೆಂದು ಆಮೇಲೆ ಹೇಳಿದರು. ಆದರೆ ಯಾರೋ ನೇರವಾಗಿ ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವುದು ಅವರ ಹುಟ್ಟುಗುಣವಲ್ಲ.

ಚಾಟಿನಲ್ಲಿ ಒಬ್ಬೊಬ್ಬರೇ ಬರೆಯತೊಡಗಿದರು. ‘ಪೊರಿ ಇರ್ಬೇಕು ಮೇಡಂ.’ ‘ನಮ್ಮವ್ವಗೂ ಹಂಗೇ ಆಗಿತ್ತು, ಈಗ ಸೂಜಿ ಪೋಣಿಸ್ತಾಳ.’ ‘ಹೆದರಬ್ಯಾಡ್ರಿ, ಸಣ್ಣ ಆಪರೇಷನ್.’ ನಾನು ಅತ್ತೆಗೆ ಒಂದೊಂದನ್ನೇ ಓದಿ ಹೇಳಿದೆ. ಅಷ್ಟರಲ್ಲಿ ಬಿಸಿಲ್ ಬಾಸ್ ಆಡುವುದನ್ನೇ ಮರೆತು ಯಾರಿಂದಲೋ ಗುಂಡು ತಿಂದು ಸತ್ತಿದ್ದ.

‘ಆ ವಿಡಿಯೋ ತೆಗೆದು ಬಿಡ್ತೀನ್ರಿ’ ಅಂದ, ಧ್ವನಿ ಇಳಿಸಿ. ‘ನನ್ನ ಹೆಸರು ವೆಂಕಟೇಶ ಅಂತ್ರಿ. ಗುಂಜಹಳ್ಳಿಯಾವ.’

‘ತೆಗಿಬ್ಯಾಡ, ಇರ್ಲಿ ವೆಂಕಟೇಶ. ಹೆಸರಷ್ಟು ತಿದ್ದು. ನಾ ಅಜ್ಜಿ ಅಲ್ಲ, ಮೇಡಂ.’

‘ಮತ್ತ ನೂಬ್ ಅನ್ನೋದ್ರಿ?’

‘ಅದು ಖರೇನ ಅದಲ್ಲ?’

ಅಂದೇ ವಿಡಿಯೋದ ಹೆಸರು ‘ನೂಬ್ ಮೇಡಂ’ ಆಯಿತು. ಮರುದಿನ ಫಿಸಿಯೋ ಹುಡುಗಿ ಬಂದಾಗ ಅತ್ತೆ ತಾವೇ ಹೆಡ್‌ಫೋನು ಹಾಕಿಕೊಂಡು, ಕಾಲು ಮುಂದಿಟ್ಟರು.

ಕಾಲು ಗಟ್ಟಿಯಾದ ಮೇಲೆ ಕಣ್ಣಿನ ಪೊರೆಯ ಆಪರೇಷನ್ನೂ ಆಯಿತು. ಪಟ್ಟಿ ಬಿಚ್ಚಿ, ಆಡಬಹುದೆಂದು ಡಾಕ್ಟರು ಹೇಳಿದ ದಿನ ಅತ್ತೆ ಆಟ ತೆರೆದು ಪರದೆಯ ಮೂಲೆಮೂಲೆಯನ್ನೂ ನೋಡಿದರು. ನಾನು ಕಾತರದಿಂದ ಪಕ್ಕದಲ್ಲಿ ನಿಂತಿದ್ದೆ.

‘ಇಷ್ಟು ಹೊಲಸು ಅದ ಏನೋ ಈ ಊರು? ಮನಿ ಎಲ್ಲಾ ಬಿದ್ದಾವ. ನಾ ತ್ವಾಟ ಅಂತ ತಿಳ್ಕೊಂಡಿದ್ನಲ್ಲ!’

ಈಗ ಅತ್ತೆ ಮಾನ್ವಿಯಲ್ಲಿ ತಮ್ಮ ಮನೆಯಲ್ಲಿದ್ದಾರೆ. ಕೋಲಿಲ್ಲದೆ ಸಂತೆಗೆ ಹೋಗುತ್ತಾರೆ, ಪೇಪರು ತಾವೇ ಓದುತ್ತಾರೆ. ಭಾನುವಾರ ಸಂಜೆ ಮಾತ್ರ ಆಟಕ್ಕೆ ಬರುತ್ತಾರೆ. ಹೆಸರುಗಳೆಲ್ಲ ಕಾಣುವುದರಿಂದ ಈಗ ಯಾರು ಎಲ್ಲಿದ್ದಾರೆ, ಝೋನ್ ಎಷ್ಟು ದೂರವಿದೆ, ಯಾರನ್ನು ಎತ್ತಬಹುದು, ಯಾರನ್ನು ಆಗದು ಎಂಬುದನ್ನು ಕರಾರುವಾಕ್ಕಾಗಿ ಹೇಳುತ್ತಾರೆ. ಮೆಹಬೂಬನಿಗೆ ಆನಂದ. ನಾವು ಆಗಾಗ ಗೆಲ್ಲುವುದೂ ಉಂಟು. ನನಗೇ ಏನೋ ಕಳೆದುಕೊಂಡಂತೆ. ಯಾರಿಗೆ ಹೇಳುವುದು, ಹೇಳಿ?

ಕಪಾಟು ಸ್ವಚ್ಛ ಮಾಡಿದ ಆ ದಿನವೂ ಭಾನುವಾರವೇ. ಸಂಜೆ ಆಟಕ್ಕೆ ಕೂತೆವು. ನಾಲ್ಕನೆಯವನು ಯಾರೋ ರ್‍ಯಾಂಡಮ್, ಇಳಿದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಕೊನೆಯ ಹೊತ್ತಿಗೆ ಅವನು ಹಿಂದೆ ಉಳಿದು ನಾಕ್ ಆದ. ‘ಅಂವ ಆಗಂಗಿಲ್ಲ, ಬಿಡ್ರಿ, ಮುಂದ ಬರ್ರಿ’ ಎಂದರು ಅತ್ತೆ, ಸರಿಯಾಗಿಯೇ. ಮೆಹಬೂಬ್ ಮುಂದೆ ಓಡಿದ. ನಾನೂ ಓಡಬೇಕಿತ್ತು. ಹಿಂದಿರುಗಿದೆ. ‘ಎಲ್ಲಿ ಹೊಂಟಿಯೋ? ಝೋನ್ ನೋಡೋ!’ ಎಂದು ಅತ್ತೆ ಗದರಿದರು. ನಾನು ಹೋಗಿ ಅವನ ಪಕ್ಕ ಕೂತೆ. ಅವನು ಏಳುವಷ್ಟು ಹೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೇ ಸತ್ತೆವು.

ಆಗ ಅವನು ಮೊದಲ ಸಲ ಮೈಕು ತೆರೆದ. ಎಲ್ಲಿಯವನೋ, ಮಾತು ಮಾತ್ರ ನಮ್ಮ ಕಡೆಯದೇ.

‘ಅಣ್ಣಾ, ಸಾಯ್ತೀರಿ ಅಂತ ಗೊತ್ತಿತ್ತಲ್ರಿ. ಎದಕ ಬಂದ್ರಿ?’

ಅಲ್ಲಿ ಮಾನ್ವಿಯಲ್ಲಿ ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದರು. ನೆಟ್ ತಡವರಿಸಿ ಆಟ ಕೈತಪ್ಪುವುದಕ್ಕೆ ನಮ್ಮಲ್ಲಿ ಲ್ಯಾಗ್ ಎನ್ನುತ್ತಾರೆ. ಎಲ್ಲ ಸೋಲಿಗೂ ಆಟಗಾರರು ಕೊಡುವ ನೆಪ ಅದು.

‘ಲ್ಯಾಗ್ ಆತಪಾ’ ಅಂದೆ.