ಅತ್ತೆಯ ಎರಡು ಬಿಂದಿಗೆ ಕಡಲು

ನಮ್ಮತ್ತೆಯ ಬಲಗೈಗೆ ಮೊಣಕೈವರೆಗೂ ಬೆಳ್ಳಗೆ ಉಪ್ಪು ಹಿಡಿದಿರುತ್ತಿತ್ತು. ತೊಟ್ಟಿಯೊಳಗೆ ಕೈಯಿಟ್ಟು ಗಾಜು ಉಜ್ಜಿ, ಕಲ್ಲು ಸರಿಪಡಿಸಿ, ಸೆರಗಿಗೆ ಒರೆಸಿಕೊಂಡು ಹಾಗೇ ಬಂದು ಒಲೆಯ ಮುಂದೆ ನಿಲ್ಲುವರು. ನೀರು ಆರಿದ ಮೇಲೆ ಬಳೆಗಳ ಸಂದಿಯಲ್ಲಿ, ಚರ್ಮದ ಸುಕ್ಕುಗಳಲ್ಲಿ ಉಪ್ಪು ಪುಡಿಪುಡಿಯಾಗಿ ನಿಲ್ಲುತ್ತಿತ್ತು. ಮನೆಗೆ ಬಂದವರು ಅದನ್ನು ಪೂಜೆಗೆ ಬಳಿದುಕೊಂಡ ಈಬತ್ತಿ ಅಂದುಕೊಂಡು, "ಪೂಜೆ ಈಗ ಮುಗೀತಾ ಅಕ್ಕ?" ಎಂದು ಕೇಳುವುದಿತ್ತು. "ಪೂಜೆ ಅಲ್ಲ ಕಣವ್ವ, ಕೆಲ್ಸ" ಅನ್ನುವರು ಅತ್ತೆ.

ಕೊಳ್ಳೇಗಾಲದ ನಮ್ಮ ಮನೆಯ ನಡುಮನೆಯಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿ, ಎರಡು ಬಿಂದಿಗೆ ನೀರು ಹಿಡಿಯುವ ಒಂದು ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಕಡಲ ನೀರು. ಸುತ್ತ ಎಲ್ಲಿಯೂ ಕಡಲಿಲ್ಲದ ಊರಿನಲ್ಲಿ, ಈಬತ್ತಿ ಇಡುವ ಮನೆಯಲ್ಲಿ, ಮೀನೆಂಬ ಮಾತನ್ನು ಊಟದ ಹೊತ್ತಿನಲ್ಲಿ ಎತ್ತಲೂ ಬಾರದ ಮನೆತನದಲ್ಲಿ ಅರವತ್ತು ದಾಟಿದ ಹೆಂಗಸು ಇಂಥದೊಂದನ್ನು ಇಟ್ಟುಕೊಂಡರೆ ಜನ ಏನನ್ನುತ್ತಾರೆ? ಹುಚ್ಚು ಅಂದರು. ಎದುರಿಗೆ ನಗುತ್ತಾ ಅಂದರು, ಹಿಂದೆ ನಗದೆ ಅಂದರು. ಅದೇ ಜನ ತಮ್ಮ ಮನೆಯ ಗಂಡಸರು ನಡುವಯಸ್ಸಿನಲ್ಲಿ ದೊಡ್ಡ ಬೈಕು ತಂದಾಗ ಆರತಿ ಎತ್ತಿದವರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅತ್ತೆಗೆ ಈ ಆಸೆ ಹುಟ್ಟಿದ್ದು ರಾಮೇಶ್ವರದಲ್ಲಿ. ಬೀದಿಯ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಹೋಗಿದ್ದೆವು. ಬೆಳಿಗ್ಗೆ ಉಳಿದವರು ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಗುಡಿಯ ಕಡೆ ಓಡುತ್ತಿದ್ದರೆ, ಅತ್ತೆ ಮಾತ್ರ ದಡದ ಕಲ್ಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದರು. ಕಡಲು ಹಿಂದೆ ಸರಿದಾಗ ಕಲ್ಲಿನ ಗುಂಡಿಯಲ್ಲಿ ಬೊಗಸೆ ನೀರು ಉಳಿದಿತ್ತು. ಅದರ ತಳದಲ್ಲಿ ಬಿದ್ದಿದ್ದ ಒಂದು ಚಿಕ್ಕ ಶಂಖ ಇದ್ದಕ್ಕಿದ್ದಂತೆ ಎದ್ದು ನಡೆಯಿತು. ಒಳಗೊಂದು ಏಡಿಯಿತ್ತು. ಅತ್ತೆಯ ತವರು ಅಜ್ಜೀಪುರದ ಕಡೆ, ತಮಿಳು ಚೆನ್ನಾಗಿ ಬರುತ್ತಿತ್ತು. ಅಲ್ಲೇ ಬಲೆ ಬಿಡಿಸುತ್ತಿದ್ದ ಹೆಂಗಸನ್ನು, ಇಷ್ಟೇ ನೀರಿನಲ್ಲಿ ಇದು ಬದುಕುತ್ತದೆಯೇ ಎಂದು ಕೇಳಿದರು. ಕಡಲು ದಿನಾ ಬಂದು ನೀರು ಬದಲಾಯಿಸಿ ಹೋಗುತ್ತದೆ, ಅದಕ್ಕೇ ಬದುಕುತ್ತದೆ ಎಂದಳು ಅವಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: "ಅಂಗಾದ್ರೆ ನೀರು ಬದಲಾಯ್ಸೋರು ಒಬ್ರಿದ್ರೆ ಸಾಕು ಕಣವ್ವ."

ಆಮೇಲೆ ನನ್ನ ಹಳೆಯ ಫೋನು ಅವರದಾಯಿತು. ಮದರಾಸಿನ ಹುಡುಗನೊಬ್ಬ ಕಡಲ ನೀರಿನ ಸಣ್ಣ ತೊಟ್ಟಿಗಳ ಬಗ್ಗೆ ತಮಿಳಿನಲ್ಲಿ ವೀಡಿಯೊ ಹಾಕುತ್ತಿದ್ದ. ಸೊಪ್ಪು ಬಿಡಿಸುತ್ತಾ, ಅವರೆಕಾಳು ಹಿಸುಕುತ್ತಾ ಅತ್ತೆ ಅದನ್ನೇ ನೋಡುವರು. ಅಡುಗೆ ಉಪ್ಪು ಆಗುವುದಿಲ್ಲ, ಅದಕ್ಕೆಂದೇ ಬೇರೆ ಉಪ್ಪು ಬರುತ್ತದೆ. ನಲ್ಲಿ ನೀರು ಆಗುವುದಿಲ್ಲ, ಶುದ್ಧ ಮಾಡಿದ ನೀರೇ ಬೇಕು. ತೊಟ್ಟಿ ಚಿಕ್ಕದಾದಷ್ಟೂ ಕಷ್ಟ ಹೆಚ್ಚು, ಯಾಕೆಂದರೆ ದೊಡ್ಡ ನೀರು ತಪ್ಪನ್ನು ತಡೆದುಕೊಳ್ಳುತ್ತದೆ, ಚಿಕ್ಕ ನೀರು ತಡೆಯುವುದಿಲ್ಲ. ಇದನ್ನೆಲ್ಲ ಸಹಕಾರ ಸಂಘದಿಂದ ದಣಿದು ಬಂದ ನನ್ನ ಗಂಡನಿಗೆ ಊಟ ಬಡಿಸುತ್ತಾ ವಿವರಿಸುವರು. ಅವರು ತಲೆಯಾಡಿಸುತ್ತಾ ಉಣ್ಣುವರು. ಕೊನೆಗೆ ತೊಟ್ಟಿ, ಉಪ್ಪು, ನೀರು ಆಡಿಸುವ ಪಂಪು ಎಲ್ಲ ಬಂದವು.

ಬಂದ ಮೇಲೆ ಅತ್ತೆ ತೊಟ್ಟಿಯಲ್ಲಿ ಉಪ್ಪು ಕದಡಿದ ನೀರು, ಮರಳು ಮತ್ತು ತೂತು ತೂತಾದ ಕೆಲವು ಕಡಲ ಕಲ್ಲು ಹಾಕಿ ಸುಮ್ಮನೆ ಬಿಟ್ಟರು. ವಾರಗಳು ಕಳೆದರೂ ಮೀನಿಲ್ಲ. ಕಣ್ಣಿಗೆ ಕಾಣದ ಕ್ರಿಮಿಗಳು ಆ ಕಲ್ಲಿನಲ್ಲಿ ನೆಲೆಯೂರಬೇಕು, ಅವು ಬಂದರೆ ಮಾತ್ರ ಮೀನಿನ ಹೊಲಸು ವಿಷವಾಗದೆ ಕರಗುತ್ತದೆ ಎಂದು ಅವರು ತಿಳಿದುಕೊಂಡಿದ್ದರು. ನೋಡಲು ಬಂದವರಿಗೆ ಅದೆಲ್ಲ ಎಲ್ಲಿ ಬೇಕು? "ಬರೀ ನೀರಿಗೆ ಲೈಟ್ ಆಕಿದ್ದೀರಲ್ಲ" ಎಂದು ಪಕ್ಕದ ಮನೆಯಾಕೆ ನಕ್ಕಾಗ ಅತ್ತೆ ಹೇಳಿದ್ದು ನನಗೆ ನೆನಪಿದೆ. "ಮೊದ್ಲು ನೀರು ಬದುಕಬೇಕು. ಆಮೇಕೆ ಮೀನು."

ನೀರು ಸರಿಯಾಯಿತು ಎಂದು ಅವರಿಗೆ ನಂಬಿಕೆ ಬಂದ ದಿನ ನಾನೂ ಅವರೂ ಮೈಸೂರಿಗೆ ಹೋದೆವು. ಮೀನಿನ ಅಂಗಡಿಯವನು ತೊಟ್ಟಿಯ ಅಳತೆ ಕೇಳಿ, "ಆರಾಮಾಗಿ ಐದಾರು ಬಿಡ್ಬೋದು ಅಮ್ಮ. ಸತ್ರೆ ಮತ್ತೆ ಬನ್ನಿ, ಬೇರೆ ಕೊಡ್ತೀನಿ" ಅಂದ.

ಅತ್ತೆ ಅವನನ್ನೇ ನೋಡಿದರು. "ಸತ್ರೆ ಅಂತ ಮೊದ್ಲೇ ಏಳ್ತೀಯಲ್ಲಪ್ಪ. ಬದುಕಿದ್ರೆ ಅಂತ ನಿನ್ ಬಾಯಲ್ಲಿ ಒಂದ್ಸಲ ಬರಬಾರದಾ?"

ಅವನು ನಕ್ಕ. ಅತ್ತೆ ನಗಲಿಲ್ಲ. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಮೀನುಗಳನ್ನು ಅವನು ತೋರಿಸುತ್ತಲೇ ಇದ್ದ. ಎಲ್ಲರೂ ಕೇಳಿಕೊಂಡು ಬರುವುದು ಅದನ್ನೇ ಅಂತೆ. ಅತ್ತೆ ಅದರ ಕಡೆ ತಿರುಗಲಿಲ್ಲ. ಅದಕ್ಕೆ ನಮ್ಮ ತೊಟ್ಟಿ ಸಾಲದು ಎಂದು ಅವರಿಗೆ ಗೊತ್ತಿತ್ತು. ಅವರು ಆರಿಸಿದ್ದು ಮರಳಿನ ಬಣ್ಣದ, ಕಿರುಬೆರಳಿಗಿಂತ ಚಿಕ್ಕದಾದ ಒಂದೇ ಒಂದು ಮೀನು, ಶಂಖ ಹೊತ್ತ ಒಂದು ಏಡಿ, ಗಾಜಿನ ಪಾಚಿ ತಿನ್ನುವ ಒಂದೆರಡು ಬಸವನಹುಳು. ಅಷ್ಟೇ. ಕೊಳ್ಳೇಗಾಲದ ಬಸ್ಸಿನಲ್ಲಿ ಆ ಪ್ಲಾಸ್ಟಿಕ್ ಚೀಲಗಳನ್ನು ತೊಡೆಯ ಮೇಲಿಟ್ಟು ಸೆರಗು ಮುಚ್ಚಿಕೊಂಡು ಕೂತರು. ಮನೆಗೆ ಬಂದು, ಮೆಡಿಕಲ್ ಸ್ಟೋರಿನಿಂದ ತರಿಸಿಟ್ಟಿದ್ದ ಗ್ಲೂಕೋಸ್ ಪೈಪಿನಲ್ಲಿ ನಮ್ಮ ತೊಟ್ಟಿಯ ನೀರನ್ನು ಆ ಚೀಲದ ನೀರಿಗೆ ತೊಟ್ಟುತೊಟ್ಟಾಗಿ ಬಿಟ್ಟು ಮೀನಿಗೆ ಅಭ್ಯಾಸ ಮಾಡಿಸಿದರು. ಸಂಜೆಯ ದೀಪ ಹಚ್ಚುವುದೂ ಮರೆತುಹೋಗಿತ್ತು.

ಬೇಸಿಗೆಯಲ್ಲಿ ನೀರು ಬಿಸಿಯಾಗದಿರಲೆಂದು ತೊಟ್ಟಿಗೆ ಟೇಬಲ್ ಫ್ಯಾನು, ನಮಗೆ ಬೀಸಣಿಗೆ. ಕರೆಂಟು ಹೋಗಿ ಬಹಳ ಹೊತ್ತು ಬರದಿದ್ದರೆ ಅತ್ತೆ ಲೋಟದಲ್ಲಿ ತೊಟ್ಟಿಯ ನೀರೆತ್ತಿ ಮೇಲಿನಿಂದ ಅದಕ್ಕೇ ಸುರಿಯುತ್ತಾ ನಿಲ್ಲುವರು, ನೀರಿಗೆ ಗಾಳಿ ಸೇರಲಿ ಎಂದು. ಕೈ ಸೋತರೆ ನನ್ನನ್ನು ಕರೆಯುವರು. ನಾನು ಯಳಂದೂರಿನ ಶಾಲೆಯಲ್ಲಿ ಪಾಠ ಹೇಳಿ ಬಸ್ಸಿನಲ್ಲಿ ನಿಂತು ಬಂದವಳು, ಗೊಣಗುತ್ತಲೇ ಸುರಿಯುತ್ತಿದ್ದೆ. ಆದರೆ ಆ ಮರಳು ಬಣ್ಣದ ಮೀನು ಕಲ್ಲಿನ ತೂತಿನಿಂದ ಮುಖ ಹೊರಗಿಟ್ಟು ನಮ್ಮಿಬ್ಬರನ್ನೂ ನೋಡಿದಾಗ ಗೊಣಗಾಟ ಎಲ್ಲಿಗೆ ಹೋಗುತ್ತಿತ್ತೋ ತಿಳಿಯದು.

ಇನ್ನು ಹನೂರಿನ ಛತ್ರದಲ್ಲಿ ಆದದ್ದನ್ನು ಹೇಳಬೇಕು.

ಅತ್ತೆಗೆ ಒಬ್ಬನೇ ತಮ್ಮ, ನನ್ನ ಗಂಡನಿಗೆ ಸೋದರಮಾವ. ಹನೂರಿನಲ್ಲಿ ವ್ಯಾಪಾರ, ಬಂಡಳ್ಳಿಯ ಕಡೆ ಜಮೀನು. ತಾಯಿ ಬೇಗ ಹೋದದ್ದರಿಂದ ಅತ್ತೆಯೇ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಆ ಸೋದರಮಾವನ ಮಗಳ ನಿಶ್ಚಿತಾರ್ಥಕ್ಕೆ ನಾವೆಲ್ಲ ಹೋಗಿದ್ದೆವು. ಊಟದ ಹಾಲಿಗೆ ಕಾಲಿಟ್ಟರೆ, ಪ್ರತಿ ಮೇಜಿನ ನಡುವೆ ತೆಂಗಿನಕಾಯಿ ಗಾತ್ರದ ಗಾಜಿನ ಬಟ್ಟಲು. ಒಳಗೆ ಬಣ್ಣದ ಗೋಲಿಗಳು, ಅದರ ಮೇಲೆ ಒಂದೊಂದು ಕಿತ್ತಳೆ ಬಣ್ಣದ, ಬಿಳಿ ಪಟ್ಟಿಯ ಕಡಲ ಮೀನು. ಜನ ಫೋಟೊ ತೆಗೆಯುತ್ತಿದ್ದರು.

ಅತ್ತೆ ಹತ್ತಿರ ಹೋಗಿ ಬಗ್ಗಿ ನೋಡಿದರು. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಈಬತ್ತಿ ಇಟ್ಟ ಹೆಂಗಸು ಮೀನಿನ ನೀರನ್ನು ನಾಲಿಗೆಗೆ ಮುಟ್ಟಿಸಿದ್ದನ್ನು ನೋಡಿ ಎದುರಿಗಿದ್ದವರು ಮುಖ ಕಿವುಚಿದರು. ಅತ್ತೆ ಅಲಂಕಾರದವನನ್ನು ಕರೆಸಿದರು.

"ಇದು ಯಾವ ನೀರಪ್ಪ?"

"ಸಂಪಿನ ನೀರು ಅಮ್ಮ. ಉಪ್ಪು ಆಕಿದೀವಿ."

"ಅಡಿಗೆ ಉಪ್ಪಾ?"

"ಉಪ್ಪು ಉಪ್ಪೇ ಅಲ್ವಾ ಅಮ್ಮ? ಫಂಕ್ಷನ್ ಮುಗಿಯೋಗಂಟ ಇದ್ರೆ ಸಾಕು."

ಅತ್ತೆಯ ಮುಖ ಹೇಗಾಯಿತೆಂದರೆ, ನಾನು ಅವರ ತೋಳು ಹಿಡಿದುಕೊಂಡೆ. ಮುಗಿಯುವವರೆಗೆ ಇದ್ದರೆ ಸಾಕಂತೆ. ಇದನ್ನು ಅವನು ನಾಚಿಕೆಯಿಲ್ಲದೆ, ಸಮಾಧಾನ ಹೇಳುವವನ ಹಾಗೆ ಹೇಳಿದ. ಮೀನುಗಳು ಬಂದ ಕಡಲ ನೀರು ಎಲ್ಲಿದೆ ಎಂದು ಅತ್ತೆ ಕೇಳಿದರು. ಅಡುಗೆಮನೆಯ ಹಿಂದೆ ಡ್ರಮ್ಮಿನಲ್ಲಿ ಹಾಗೇ ಇದೆ, ಗಾಳಿಯ ಪಂಪೂ ಇದೆ ಅಂದ. ಎಲ್ಲವನ್ನೂ ಈಗಲೇ ಅದಕ್ಕೆ ವಾಪಸ್ಸು ಬಿಡು ಎಂದರು ಅತ್ತೆ. ಯಜಮಾನರು ಹೇಳದೆ ಮುಟ್ಟುವುದಿಲ್ಲ ಎಂದ ಅವನು.

ಸೋದರಮಾವ ಆಗಲೇ ಬಂದಿದ್ದರು. "ಅಕ್ಕ, ಇವತ್ತೊಂದಿನ ಸುಮ್ಕಿರು. ಬೀಗರು ನೋಡ್ತಾವ್ರೆ."

"ನೋಡ್ಲಿ ಬುಡು. ನಾನೂ ನೋಡ್ತಾವ್ನಿ. ಉಸಿರಿಗೆ ಬಾಯಿ ಬುಡ್ತಾವೆ ಕಣ್ಲಾ ಅವು."

"ಮೀನು ತಾನೆ? ನೀನೂ ಸಾಕಿಲ್ವಾ ಮನೇಲಿ?"

"ಸಾಕಿವ್ನಿ. ಅದ್ಕೇ ಗೊತ್ತು."

"ಊರೋರೆಲ್ಲ ತಿಂತಾರೆ, ಅವರನ್ನ ಕೇಳೋಗು. ನಮ್ಮನೇಲಿ ಅದನ್ನ ಮುಟ್ಟೋರೂ ಇಲ್ಲ."

ಅತ್ತೆ ಧ್ವನಿ ಏರಿಸಲಿಲ್ಲ. ಆದರೆ ಪಕ್ಕದ ಮೇಜಿನವರು ಇತ್ತ ತಿರುಗಿದ್ದರು. "ತಿನ್ನೋರು ಹಸಿವಿಗೆ ಕೊಲ್ತಾರೆ. ನೀನು ಚೆಂದಕ್ಕೆ ಕೊಲ್ತಾ ಇದ್ದೀಯೆ. ತಿನ್ನಲ್ಲ ಅಂತ ಎದೆ ತಟ್ಕೊಬ್ಯಾಡ ಕಣ್ಲಾ, ನಂಗೆ ನಾಚ್ಕೆ ಆಯ್ತದೆ."

ಹೀಗೆಂದವರೇ ಎದುರಿಗಿದ್ದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟರು. ರೇಷ್ಮೆ ಸೀರೆಯ ಮೇಲೆ ನೀರು ತುಳುಕುತ್ತಿತ್ತು. ನಾನೂ ಒಂದನ್ನು ಎತ್ತಿಕೊಂಡೆ. ಹಾಲಿನಿಂದ ಅಡುಗೆಮನೆಯ ಹಿಂದಕ್ಕೆ, ಅಲ್ಲಿಂದ ಮತ್ತೆ ಹಾಲಿಗೆ, ಅಷ್ಟು ಜನ ನೋಡುತ್ತಿರುವಂತೆ ನಾವಿಬ್ಬರೂ ಓಡಾಡಿದೆವು. ಕೈಜೋಡಿಸಲು ಒಬ್ಬರೂ ಏಳಲಿಲ್ಲ. ಕೆಲವರು ಫೋನು ಹಿಡಿದು ನಮ್ಮನ್ನೂ ವೀಡಿಯೊ ಮಾಡಿದರು. ಆಗಲೇ ಮಗ್ಗುಲಾಗಿದ್ದ ಕೆಲವು ಮೀನುಗಳು ಡ್ರಮ್ಮಿನ ನೀರಿನಲ್ಲೂ ಏಳಲಿಲ್ಲ. ಉಳಿದವು ನಿಧಾನವಾಗಿ ಕೆಳಗಿಳಿದು ಒಟ್ಟಿಗೆ ಗುಂಪು ಕಟ್ಟಿಕೊಂಡು ನಿಂತವು.

ಅಲಂಕಾರದವನಿಗೂ ಅಷ್ಟು ಹೊತ್ತಿಗೆ ಅಳುಕಾಗಿತ್ತು. "ನೀವೇ ಒಂದೆರಡು ತಕಂಡೋಗಿ ಅಮ್ಮ" ಅಂದ. ನಾನು ಆಸೆಯಿಂದ ಅತ್ತೆಯ ಮುಖ ನೋಡಿದೆ. ಅವರು ಬೇಡವೆಂದು ತಲೆಯಾಡಿಸಿದರು. "ನಮ್ಮ ತೊಟ್ಟೀಲಿ ಜಾಗಿಲ್ಲಪ್ಪ. ತಂದ ಅಂಗಡಿಗೇ ಓಗಿ ಬುಟ್ಬಾ." ಅವನು ವ್ಯಾನಿಗೆ ಡ್ರಮ್ಮು ಏರಿಸಿ ಮೈಸೂರಿನ ದಾರಿ ಹಿಡಿಯುವವರೆಗೂ ಅಲ್ಲೇ ನಿಂತಿದ್ದರು. ಊಟ ಮಾಡದೆ ಬಂದೆವು.

ಸೋದರಮಾವ ಆಮೇಲೆ ಹೇಳಿ ಕಳಿಸಿದರು: ಬೀಗರ ಮುಂದೆ ಬಂದು ತಪ್ಪಾಯಿತು ಅಂದರೆ ಮಾತ್ರ ಮದುವೆಗೆ ಕರೆಯುವುದು. "ತಪ್ಪಾಗಿದ್ರೆ ಕಾಲಿಗೂ ಬೀಳ್ತಿದ್ದೆ" ಎಂದು ಅತ್ತೆ ಉತ್ತರ ಕಳಿಸಿದರು. ಮದುವೆಗೆ ಕರೆ ಬರಲಿಲ್ಲ. ಆ ಹುಡುಗಿಗೆಂದು ನಮ್ಮೂರ ಮಗ್ಗದಲ್ಲೇ ಹೇಳಿ ನೇಯಿಸಿದ ಸೀರೆಯೊಂದಿತ್ತು. ಅದನ್ನು ನನ್ನ ಗಂಡನ ಕೈಲಿ ಕಳಿಸಿದರು. ಅದು ಬಾಗಿಲಿನಿಂದಲೇ ವಾಪಸ್ಸು ಬಂತು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವತ್ತು ಅತ್ತೆ ತೊಟ್ಟಿಯ ಮುಂದೆ ಕೂತು ಅತ್ತದ್ದನ್ನು ನಾನು ನೋಡಿದೆ. ನೀವು ಹೋಗಿ ಒಂದು ಮಾತು ಹೇಳಿಬಿಡಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರೇ ಕಣ್ಣೊರೆಸಿಕೊಂಡು, "ತಮ್ಮ ಬ್ಯಾಡ ಅಂತಲ್ಲ ಕಣವ್ವ. ಸುಳ್ಳೇಳಿ ಅವನ ಮನೇಲಿ ಎಂಗೆ ಉಣ್ಲಿ?" ಅಂದರು.

ಹಡೆದ ತಾಯಿಯ ಹಾಗೆ ಸಾಕಿದ ಅಕ್ಕನಿಗೆ ಬಾಗಿಲು ಹಾಕಿದವರನ್ನು ನೆಂಟರಲ್ಲಿ ಒಬ್ಬರಾದರೂ ಕೇಳಿದರೇ? ಇಲ್ಲ. ಎಲ್ಲರೂ ಅತ್ತೆಗೇ ಬುದ್ಧಿ ಹೇಳಲು ಬಂದರು. ಹೆಣ್ಣುಮಕ್ಕಳಿಗೆ ಇಷ್ಟು ಹಟ ಸಲ್ಲದು ಅಂದರು. ಒಂದು ಮೀನಿಗೋಸ್ಕರ ತವರು ಕಳೆದುಕೊಂಡೆಯಲ್ಲ ಅಂದರು. ಅತ್ತೆ ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿದರು. ಮರಳು ಬಣ್ಣದ ಆ ಮೀನು ತನ್ನ ಕಾಲ ಮುಗಿಸಿ ಹೋದಾಗ ಬಹಳ ದಿನ ಇನ್ನೊಂದನ್ನು ತರಲಿಲ್ಲ. ಏಡಿಯನ್ನು ನೋಡಿಕೊಂಡಿದ್ದರು. ಅದು ಬೆಳೆದಂತೆ ಬದಲಾಯಿಸಿಕೊಳ್ಳಲೆಂದು ದೊಡ್ಡ ಶಂಖಗಳನ್ನು ಹುಡುಕಿಸಿ ತರಿಸಿಡುವರು.

ಕಳೆದ ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಹನೂರಿಗೆ ಸುದ್ದಿ ಮುಟ್ಟಿಸಿದೆವು. ಯಾರೂ ಬರಲಿಲ್ಲ. ಎದ್ದು ಕೂರಲು ಆಗುತ್ತಿದ್ದಷ್ಟು ದಿನವೂ ಅವರು ಬಾಗಿಲ ಕಡೆ ನೋಡುತ್ತಿದ್ದರು.

ಅವರನ್ನು ಸತ್ತೇಗಾಲದಲ್ಲಿ, ಮೊದಲೇ ತೀರಿಹೋಗಿದ್ದ ನಮ್ಮ ಮಾವನವರ ಪಕ್ಕದಲ್ಲಿ, ನಮ್ಮ ತೆಂಗಿನ ತೋಟದಲ್ಲಿ ಮಣ್ಣು ಮಾಡಿದೆವು. ಸೋದರಮಾವ ಬಂದರು. ಎಲ್ಲರಿಗಿಂತ ದೊಡ್ಡ ಹಾರ ಅವರದೇ. ಅವರು ಅತ್ತರು; ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆಮೇಲೆ ಸುತ್ತ ನಿಂತವರಿಗೆ ಹೇಳಿದರು: "ನಮ್ಮಕ್ಕ ಹೂವಿನಂತೋಳು. ಹುಟ್ಟಿದಾಗಿಂದ ಒಬ್ಬರಿಗೂ ಎದುರು ಮಾತಾಡ್ದೋಳಲ್ಲ."

ಜನ ಹೌದು ಹೌದು ಎಂದು ತಲೆದೂಗಿದರು. ಹೀಗೆಯೇ ಅಲ್ಲವೇ ಒಬ್ಬ ಹೆಂಗಸನ್ನು ಎರಡನೇ ಸಲ ಮುಗಿಸುವುದು? ಬದುಕಿದ್ದಾಗ ಹಟಮಾರಿ ಅಂದು ದೂರವಿಟ್ಟು, ಸತ್ತ ಮೇಲೆ ಹೂವು ಅಂದುಬಿಡುವುದು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಹಿರಿಯರ ಮುಂದೆ ತಲೆಯೆತ್ತಿ ಮಾತಾಡಲು ಬರುತ್ತಿರಲಿಲ್ಲ. ಛತ್ರದ ತುಂಬ ಜನರ ನಡುವೆ ಬಟ್ಟಲು ಹಿಡಿದು ನಡೆದ ದಿನವೂ ಮುಂದಿದ್ದ ಅತ್ತೆಯ ಸೆರಗನ್ನು ಬಿಟ್ಟು ಬೇರೆ ಕಡೆ ನೋಡಿರಲಿಲ್ಲ. ಅವರಿಂದ ನಾನು ಪಡೆದದ್ದೇನು ಎಂದು ಯಾರಾದರೂ ಕೇಳಿದರೆ, ಅವತ್ತಿನ ಆ ನಡಿಗೆ ಎನ್ನುತ್ತೇನೆ. ಆ ಋಣ ತೀರಿಸಲು ನನ್ನ ಬಳಿ ಮಾತು ಬಿಟ್ಟರೆ ಬೇರೇನಿಲ್ಲ.

"ಮಾತಾಡಿದ್ರು ಮಾವ," ಅಂದೆ. "ನಿಮಗೇ ಎದುರು ಮಾತಾಡಿದ್ರು. ಅದಕ್ಕೇ ಅವರನ್ನ ಮದುವೆಗೆ ಕರೀಲಿಲ್ಲ ನೀವು."

ನನ್ನ ಗಂಡ ನನ್ನನ್ನು ತಡೆಯಲಿಲ್ಲ. ಹಿಂದೆ, ಹೆಂಗಸರ ಗುಂಪಿನಲ್ಲಿ, ಕೋಲೂರಿಕೊಂಡು ನಿಂತಿದ್ದ ಸತ್ತೇಗಾಲದ ಮುದುಕಿಯೊಬ್ಬರು ಕಿವಿಗೆ ಕೈ ಇಟ್ಟುಕೊಂಡು ಮುಂದೆ ಬಾಗಿದರು.

"ವಸಿ ಜೋರಾಗಿ ಏಳವ್ವ," ಅಂದರು. "ಇಲ್ಲಿಗೆ ಕೇಳ್ನಿಲ್ಲ."

ನಾನು ಇನ್ನೊಂದು ಸಲ, ತೋಟದಾಚೆಗೂ ಕೇಳುವ ಹಾಗೆ ಹೇಳಿದೆ.