ಗೆಂಗ್‌ನ ಹಾಡಿಗೆ ಹೆಂಗಸರ ಹೆಜ್ಜೆ

ಚೀನಾದ ಲುವೊಯಾಂಗ್ ಊರಿನ ಬೇರಿಂಗ್ ಕಾರ್ಖಾನೆಯ ವಸತಿಯಲ್ಲಿ ಗೆಂಗ್ ಶುವಾಂಗ್‌ಲಿನ್ ಹರೆಯದಲ್ಲಿ ಗಿಟಾರ್ ಹಿಡಿದು ಹಾಡಿದರೆ ಚಿಮಣಿಯ ಹೊಗೆ ಕೂಡ ಮೇಲೇರುವುದನ್ನು ಮರೆತು ಕೇಳುತ್ತ ನಿಲ್ಲುತ್ತಿತ್ತಂತೆ. ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು, ‘ನನಗೆ ಹೋಗಲು ದಾರಿಯಿಲ್ಲ’. ಆಗಿನ ಬೇಸತ್ತ ಹುಡುಗರೆಲ್ಲ ಗಂಟಲು ಹರಿಯುವಂತೆ ಕೂಗಿದ ರಾಕ್ ಹಾಡು ಅದು. ಅರವತ್ತು ದಾಟಿದರೂ ಗೆಂಗ್ ಅದನ್ನು ಎದ್ದು ನಿಂತೇ ಕೇಳುತ್ತಿದ್ದ.

ಒಂದು ಬೆಳಿಗ್ಗೆ ಆ ಹಾಡು ಚೌಕದಿಂದ ಕೇಳಿಸಿತು. ಓಡಿಹೋಗಿ ನೋಡಿದರೆ, ಹೆಂಡತಿ ಯುಲಾನ್ ಮತ್ತು ಅವಳ ಗೆಳತಿಯರು ದಿನದ ಕಸರತ್ತಿನ ಕುಣಿತಕ್ಕೆ ಸಾಲಾಗಿ ನಿಂತು, ‘ದಾರಿಯಿಲ್ಲ’ ಎಂಬಲ್ಲಿ ಎರಡು ಚಪ್ಪಾಳೆ ತಟ್ಟಿ, ಸೊಂಟ ಕುಣಿಸಿ, ಕೆಂಪು ಬೀಸಣಿಗೆ ಬಿಚ್ಚುತ್ತಿದ್ದರು!

ಗೆಂಗ್ ಸ್ಪೀಕರ್ ಆರಿಸಿದ. “ನಮ್ಮ ಸಂಕಟದ ಹಾಡನ್ನ ಮಂಡಿನೋವಿನ ಕಸರತ್ತು ಮಾಡಿದ್ದೀರಲ್ಲ! ನಾಚಿಕೆ ಆಗಲ್ವಾ?”

“ನಿಮ್ಮ ಸಂಕಟಾನಾ, ಮುದುಕಪ್ಪಾ?” ಎಂದಳು ಯುಲಾನ್. “ಕಾರ್ಖಾನೆಯೋರು ನಿನ್ನ ಜೊತೆ ನಮ್ಮನ್ನೂ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ಅಳೋ ಗುತ್ತಿಗೆ ನಿನಗೊಬ್ಬನಿಗೇ ಕೊಟ್ಟಿದ್ರಾ? ನೀನು ಹಾಡ್ತಿದ್ದಾಗ ಹಿಂದೆ ನಿಂತು ಕೂಗ್ತಿದ್ದೋರು ಯಾರು?”

ಕೊನೆಯ ಸಾಲಿನ ದೊಡ್ಡಕ್ಕ ಮಿಯಾವೊ ಆ ಹಳೆಯ ಕೂಗನ್ನು ಕೂಗಿಯೇ ತೋರಿಸಿದಳು. ಸುತ್ತಲ ಬೀದಿಗಳ ಪಾರಿವಾಳಗಳು ಊರು ಬಿಟ್ಟವು.

ಗೆಂಗ್ ಮತ್ತೆ ಸ್ಪೀಕರ್ ಹಾಕಿ, ಮಿಯಾವೊಳ ಪಕ್ಕದಲ್ಲಿ ನಿಂತ. ಎಲ್ಲರೂ ಎಡಕ್ಕೆ ತಿರುಗಿದಾಗ ಇವನು ಬಲಕ್ಕೆ ತಿರುಗಿ ಅವಳಿಗೆ ಡಿಕ್ಕಿ ಹೊಡೆದ.

“ನಾನು ಬಂಡಾಯಗಾರ, ಹೇಳಿದ ಕಡೆ ತಿರುಗೋನಲ್ಲ!” ಎಂದ.

“ಬಂಡಾಯ ತಿಂಡಿ ಆದ್ಮೇಲೆ ಮಾಡು,” ಎಂದಳು ಯುಲಾನ್. “ಈಗ ಎಡಕ್ಕೆ ತಿರುಗು.”

ತಿರುಗಿದ.